ಚರಕ ಹಿಡಿದ ಅತ್ತಿ

ಇದನ್ನು ಹೇಳಿಬಿಡಬೇಕೆಂದು ಎಷ್ಟೋ ಸಲ ಕುಳಿತಿದ್ದೇನೆ, ಹಾಗೇ ಎದ್ದು ಹೋಗಿದ್ದೇನೆ. ಹೆಂಡತಿಗೂ ಹೇಳಲಿಲ್ಲ, ಮಗಳಿಗೂ ಹೇಳಲಿಲ್ಲ. ಮೊನ್ನೆ ಮೆಹದಿಪಟ್ಟಣಂನಲ್ಲಿ ಕಿವಿ ಪರೀಕ್ಷೆ ಮಾಡಿಸಿಕೊಂಡು ಬಂದ ಮೇಲೆ ಇನ್ನು ಮುಂದೂಡಲು ಮನಸ್ಸು ಒಪ್ಪುತ್ತಿಲ್ಲ.

ಆಗ ನಾವು ಸುಲ್ತಾನ್ ಬಜಾರಿನ ಹಿಂದಿನ ಗಲ್ಲಿಯಲ್ಲಿ ಬಾಡಿಗೆಗಿದ್ದೆವು. ಬೀದರ್ ಕಡೆಯಿಂದ ಬಂದ ಮನೆ. ಒಳಗೆ ಕನ್ನಡ, ಹೊಸ್ತಿಲು ದಾಟಿದರೆ ತೆಲುಗು, ಹಿಂದಿ. ಅಪ್ಪ ಬಟ್ಟೆ ಅಂಗಡಿಯಲ್ಲಿ ಗುಮಾಸ್ತರಾಗಿದ್ದರು. ಗಂಡ ತೀರಿಕೊಂಡ ಮೇಲೆ ಅಪ್ಪನ ಅಕ್ಕ, ಅಂದರೆ ನನ್ನ ಅತ್ತಿ, ನಮ್ಮೊಂದಿಗೇ ಇದ್ದಳು. ತಗಡಿನ ಡಬ್ಬಿ ಮಾಡುವ ಕಾರ್ಖಾನೆಯಲ್ಲಿ ಅವಳಿಗೆ ಕೆಲಸ. ಆ ಯಂತ್ರದ ಬಡಿತ ಪಕ್ಕದ ಗಲ್ಲಿಗೂ ಕೇಳಿಸುತ್ತಿತ್ತು. ಅದರ ಬದಿಯಲ್ಲೇ ಕೂರುವವಳ ಕಿವಿ ಏನಾದೀತೆಂದು ಯಾರೂ ಯೋಚಿಸಲಿಲ್ಲ.

"ಕಿವ್ಯಾಗ ಇನ್ನಾ ಗುಂಯ್ ಅನ್ನಾಕತ್ತದ ನೋಡವಾ," ಅನ್ನುತ್ತಾ ಸಂಜೆ ಮನೆಗೆ ಬರುತ್ತಿದ್ದಳು. ಅವ್ವ ಬೆಳ್ಳುಳ್ಳಿ ಹಾಕಿ ಕಾಸಿದ ಎಣ್ಣೆ ಬಿಡುತ್ತಿದ್ದಳು. ನಮಗೆ ಗೊತ್ತಿದ್ದ ಔಷಧ ಅದೊಂದೇ.

ಸಂಕ್ರಾಂತಿ ಹತ್ತಿರ ಬಂತೆಂದರೆ ಗಲ್ಲಿಯ ಮಾಳಿಗೆಗಳೆಲ್ಲ ಗಾಳಿಪಟ ಹಾರಿಸುವ ಹುಡುಗರ ಪಾಲು. ಗಾಜಿನ ಪುಡಿ, ಅನ್ನದ ಗಂಜಿ ಕಲಸಿ ದಾರಕ್ಕೆ ಸವರಿ ಮಾಂಜಾ ಮಾಡುವಾಗಿನ ಹುಳಿ ವಾಸನೆ ಈಗಲೂ ಮೂಗಿನಲ್ಲಿದೆ. ನನ್ನ ಪತಂಗಕ್ಕೆ ಚರಕ, ಅಂದರೆ ದಾರ ಸುತ್ತಿದ ಉರುಳೆ, ಹಿಡಿಯುತ್ತಿದ್ದವಳು ಅತ್ತಿ. ರಜೆಯ ದಿನ ಮಡಿಲಲ್ಲಿ ಎಳ್ಳುಂಡಿ ಕಟ್ಟಿಕೊಂಡು ಮಾಳಿಗೆಗೆ ಬರುತ್ತಿದ್ದಳು. ಮಾಳಿಗೆಯ ಮೇಲಿನ ಹೆಂಗಸು ಅವಳೊಬ್ಬಳೇ.

"ಏ ಅತ್ತಿ, ನೀ ಏನ್ ಹುಡುಗಿ ಏನ?" ಎಂದು ನಾನು ಕಾಡಿದರೆ, "ನಾ ಇಲ್ಲಂದ್ರ ನಿನ್ನ ಪತಂಗ ಚಾರ್‌ಮಿನಾರಕ್ಕ ಹೋಗಿ ಭಿಕ್ಷಾ ಬೇಡತದ ಮಗನ," ಎಂದು ತಲೆಗೆ ಮೊಟಕುತ್ತಿದ್ದಳು.

ಪತಂಗ ಬಿಡುವವನ ಕಣ್ಣು ಆಕಾಶದಲ್ಲಿರುತ್ತದೆ. ಚರಕ ಹಿಡಿದವರು ಅವನ ಬೆನ್ನ ಹಿಂದೆ ನಿಲ್ಲುತ್ತಾರೆ. "ಢೀಲ್" ಅಂದರೆ ದಾರ ಬಿಡಬೇಕು, "ಲಪೇಟ್" ಅಂದರೆ ಸುತ್ತಬೇಕು. ಅವರಿಗೆ ಅವನ ಮುಖ ಕಾಣುವುದಿಲ್ಲ, ದನಿಯೇ ಎಲ್ಲ. ಆ ವರ್ಷ ಅತ್ತಿಗೆ ನನ್ನ ದನಿ ತಪ್ಪತೊಡಗಿತು. ನಾನು ಢೀಲ್ ಅಂದರೆ ಸುಮ್ಮನೆ ನಿಲ್ಲುವಳು.

ಹಬ್ಬದ ದಿನ ಎದುರು ಮಾಳಿಗೆಯವರ ಪತಂಗದೊಂದಿಗೆ ಪೇಚು ಬಿತ್ತು, ದಾರಕ್ಕೆ ದಾರ ಸಿಕ್ಕಿಕೊಂಡಿತು. "ಢೀಲ್! ಅತ್ತಿ, ಢೀಲ್!" ಎಂದು ಒದರಿದೆ. ದಾರ ಬಿಗಿಯಾಗಿಯೇ ಉಳಿಯಿತು, ತುಂಡಾಯಿತು. ಎದುರಿನವರು "ಅಫಾ!" ಎಂದು ಗೆಲುವಿನ ಕೂಗು ಹಾಕಿ ಕುಣಿದರು. ನಾನು ಅಪ್ಪನನ್ನು ಕಾಡಿ ತರಿಸಿಕೊಂಡಿದ್ದ ಕೆಂಪು ಪತಂಗ ತೇಲುತ್ತಾ ಹೋಯಿತು.

"ಕಿವುಡಿ!" ಅಂದೆ.

ಅದು ಅವಳಿಗೆ ಕೇಳಿಸಿತು. "ಒಂದಿಷ್ಟ ನನ್ನ ಕಡಿ ತಿರುಗಿ ಹೇಳಪಾ. ಮಾರಿ ನೋಡಿದ್ರ ತಿಳೀತದ," ಅಂದಳು.

ಇಷ್ಟಕ್ಕೇ ಮುಗಿಯಬಹುದಿತ್ತು. ನಾನು ಗೆಳೆಯರಿಗೆ ಕಣ್ಸನ್ನೆ ಮಾಡಿ ಅತ್ತಿಯ ಕಡೆ ತಿರುಗಿದೆ. ಸ್ವರ ಹೊರಡಿಸದೆ ಬಾಯಿ ಮಾತ್ರ ಆಡಿಸಿದೆ. ಕೈ ಬೀಸಿ, ಕುತ್ತಿಗೆ ನರ ಉಬ್ಬಿಸಿ, ಒದರುವವನ ಹಾಗೆ. ಹುಡುಗರೆಲ್ಲ ಹಾಗೇ ಮಾಡಿದರು. ಅತ್ತಿ ಒಬ್ಬೊಬ್ಬರ ಬಾಯಿಯನ್ನೂ ನೋಡಿದಳು. ಒಂದು ಕಿವಿಯ ಮೇಲೆ ಅಂಗೈ ತಟ್ಟಿಕೊಂಡಳು, ಆಮೇಲೆ ಇನ್ನೊಂದರ ಮೇಲೆ.

"ನಕ್ಕೋ ಯಾರ್, ಬಸ್," ಬೇಡ, ಸಾಕು ಎಂದು ಪಕ್ಕದ ಮನೆಯ ಖಾಜಾ ನನ್ನ ತೋಳು ಹಿಡಿದ. ನಾನು ಕೊಡವಿಕೊಂಡೆ.

ಅತ್ತಿ ಚರಕವನ್ನು ಮೆಲ್ಲಗೆ ಕೆಳಗಿಟ್ಟು, ಎಳ್ಳುಂಡಿಯ ಗಂಟನ್ನು ಅದರ ಪಕ್ಕ ಇಟ್ಟು, ಗೋಡೆ ಹಿಡಿದುಕೊಂಡು ಮೆಟ್ಟಿಲಿಳಿದಳು.

ಸಂಜೆ ಅಡುಗೆಮನೆಯಲ್ಲಿ ಅವ್ವನಿಗೆ ಹೇಳುತ್ತಿದ್ದಳು: "ಇವತ್ತ ಕಿವಿ ಪೂರಾ ಬಂದ್ ಆಗಿತ್ತು ನೋಡವಾ. ಆಮ್ಯಾಲ ಮತ್ತ ಬಂತು. ನಡು ರಸ್ತಾದಾಗ ಹಂಗಾದ್ರ ಏನ್ ಮಾಡ್ಲಿ?" ನಾನು ಹೊಸ್ತಿಲಲ್ಲಿ ಕುಳಿತು ಅವಳೇ ಮಾಡಿದ ಎಳ್ಳುಂಡಿ ತಿನ್ನುತ್ತಿದ್ದೆ. ಒಂದು ಮಾತು ಸಾಕಿತ್ತು. ಅಪ್ಪನ ಏಟಿಗೆ ಹೆದರಿ ಆಡಲಿಲ್ಲ.

ಆಮೇಲೆ ಅವಳು ಮಾಳಿಗೆ ಹತ್ತಲಿಲ್ಲ. ಬಳೆಯಂಗಡಿಯವನ ಜೊತೆ ಚೌಕಾಶಿ ಮಾಡುವುದೆಂದರೆ ಅವಳಿಗೆ ಹಬ್ಬವಾಗಿತ್ತು. ಬಜಾರಿಗೆ ಒಬ್ಬಳೇ ಹೋಗುವುದನ್ನೂ ಬಿಟ್ಟಳು. ಕಾರ್ಖಾನೆಗೆ ಮಾತ್ರ ಜೊತೆಗಾತಿಯ ಕೈ ಹಿಡಿದು ಹೋಗಿ ಬರುತ್ತಿದ್ದಳು. ಕಿವಿ ನಿಜವಾಗಿಯೂ ಮಂದವಾಗುತ್ತಲೇ ಇತ್ತು. ಆದರೆ ಅದು ಹೋಗುವ ಮೊದಲೇ ಅವಳ ಧೈರ್ಯವನ್ನು ತೆಗೆದವನು ನಾನು.

ನಾನೂ ಬಸ್ಸಿನ ಎಂಜಿನ್ ಪಕ್ಕ ಕುಳಿತೇ ಆಯುಷ್ಯ ಕಳೆದವನು. ಮೊನ್ನೆ ಪರೀಕ್ಷೆಗೆ ಗಾಜಿನ ಕೋಣೆಯೊಳಗೆ ಕೂರಿಸಿ ಬಾಗಿಲು ಮುಚ್ಚಿದರು. ಸ್ವಲ್ಪ ಹೊತ್ತಾದ ಮೇಲೆ ಗಾಜಿನಾಚೆ ಪರೀಕ್ಷೆ ಮಾಡುವ ಹುಡುಗಿಯ ತುಟಿ ಆಡಿತು. ನನ್ನ ಮಗಳ ತುಟಿಯೂ ಆಡಿತು. ಸದ್ದಿಲ್ಲ. ಎಲ್ಲ ಮುಗಿಯಿತೆಂದುಕೊಂಡೆ. ನನ್ನ ಅಂಗೈ ತಾನಾಗಿ ಕಿವಿಗೆ ಹೋಯಿತು.

ಹುಡುಗಿ ಓಡಿ ಬಂದು ಬಾಗಿಲು ತೆಗೆದಳು. "ಏಂ ಕಾಲೇದು ತಾತಾ, ಭಯಪಡಕಂಡಿ," ಏನೂ ಆಗಿಲ್ಲ, ಹೆದರಬೇಡಿ, ಹೊರಗಿನ ಸದ್ದು ಒಳಗೆ ಬಾರದ ಕೋಣೆ ಇದು ಅಂದಳು. ಎದುರು ಕುಳಿತು ನಿಧಾನವಾಗಿ ತಿಳಿಸಿಹೇಳಿದಳು: ಸದ್ದಿನಿಂದ ಹೋದ ಕಿವಿ ತಿರುಗಿ ಬರುವುದಿಲ್ಲ, ಉಳಿದದ್ದನ್ನು ಕಾಯಬೇಕು, ಎಣ್ಣೆ ಬಿಡಬಾರದು. ಮಗಳಿಗೆ ಹೇಳಿದಳು: ಕಿರುಚಬೇಡಿ, ಮುಖ ಕಾಣುವಂತೆ ನಿಂತು ಮಾತಾಡಿ.

ಅತ್ತಿ ಕೇಳಿದ್ದೂ ಅದನ್ನೇ.

ಈಗ ಕಿವಿಗೆ ಯಂತ್ರ ಬಂದಿದೆ. ಮೊಮ್ಮಗನ ಮಾತು ಸಿಗುತ್ತದೆ, ಒಗ್ಗರಣೆಯ ಚಿಟಪಟ ಸಿಗುತ್ತದೆ. ಆ ಗಲ್ಲಿಯ ಮಾಳಿಗೆಗಳಿಲ್ಲ, ಚರಕ ಸರ್ರನೆ ತಿರುಗುವ ಸದ್ದಿಲ್ಲ, ಬೆನ್ನ ಹಿಂದೆ ನಿಂತು ಕಾಯುವವರೂ ಇಲ್ಲ. ನನಗಾಗಿ ಯಾರೋ ಬಾಗಿಲು ತೆಗೆದರು. ಅತ್ತಿ ಸಾಯುವವರೆಗೂ ನಿಜ ಹೇಳಿ ಅವಳ ಬಾಗಿಲನ್ನು ನಾನು ತೆಗೆಯಲಿಲ್ಲ. ಅತ್ತಿ ಅತ್ತಿ ಎಂದೇ ಕರೆದೆ, ಹೆಸರು ಹಿಡಿದು ಎಂದೂ ಕರೆದವನಲ್ಲ. ಅವಳ ಹೆಸರು ಶಾಂತಾಬಾಯಿ.