ಮನೆ ಕಮಲಾಕ್ಷಿಯ ಹೆಸರಿಗೆ

ಉಡುಪಿ ಕಡೆಯ ಕಮಲಾಕ್ಷಿ ಸೂರತ್ತಿನ ಉಧ್ನಾದಲ್ಲಿ ಇಡ್ಲಿ ದೋಸೆಯ ಸಣ್ಣ ಹೋಟೆಲು ನಡೆಸುತ್ತಾಳೆ. ಗಂಡ ತೀರಿಕೊಂಡು ವರ್ಷವಾಗುವ ಮೊದಲೇ ಬಾಡಿಗೆ ಮನೆಯ ಮಾಲೀಕ, ತನ್ನ ಮಗನ ಮದುವೆಯಿದೆ, ಖಾಲಿ ಮಾಡಿ ಎಂದ. ಸಾಮಾನು ಕಟ್ಟುತ್ತಲೇ ಅವಳು ಸ್ವಂತ ಮನೆಯ ಹಟ ಹಿಡಿದಳು.

ಹೋಟೆಲಿನ ಹಿಂದಿನ ಬೀದಿಯಲ್ಲಿ ಒಂದು ಹಳೆಯ ಫ್ಲ್ಯಾಟ್ ಸಿಕ್ಕಿತು. ಆದರೆ ಬ್ಯಾಂಕಿನ ಮ್ಯಾನೇಜರು ಆಗದು ಎಂಬಂತೆ ತಲೆಯಾಡಿಸಿದರು. "ನಿಮಗೆ ವಯಸ್ಸಾಯಿತು, ಕಮಲಾಕ್ಷಿಬೆನ್. ಮಗನ ಹೆಸರಲ್ಲಿ ತಗೊಳ್ಳಿ, ಸಾಲ ಸುಲಭ."

ಬಟ್ಟೆ ಮಿಲ್ಲಿನಲ್ಲಿ ಕೆಲಸಕ್ಕಿದ್ದ ಮಗ ಪ್ರವೀಣ್, "ಯಾರ ಹೆಸರಾದ್ರೆ ಎಂತ ಅಮ್ಮ?" ಎಂದ.

"ಸಾಲಕ್ಕೆ ನೀನೂ ಸಹಿ ಹಾಕು ಮಗಾ. ಮನೆ ಮಾತ್ರ ನನ್ನ ಹೆಸರಲ್ಲೇ ಆಗ್ಬೇಕು. ನನ್ನನ್ನು ಇನ್ನು ಯಾರೂ ಎಬ್ಬಿಸ್ಬಾರ್ದು."

ಪ್ರವೀಣ್ ಸಾಲದ ಅರ್ಜಿಗೆ ಸಹಿ ಹಾಕಿದ. ಕಮಲಾಕ್ಷಿ ಕಾಗದಪತ್ರ ಹಿಡಿದು ಬ್ಯಾಂಕಿಗೆ ಅಲೆದಳು. ಕೊನೆಗೆ ಮ್ಯಾನೇಜರು ವ್ಯಾಪಾರ ಹೇಗಿದೆ ಎಂದು ನೋಡಲು ತಾವೇ ಹೋಟೆಲಿಗೆ ಬಂದರು. ಬೆಳಗಿನ ಗಿರಾಕಿಗಳ ನೂಕುನುಗ್ಗಲಲ್ಲಿ ಅವರಿಗೆ ಕೂರಲೂ ಜಾಗ ಸಿಗಲಿಲ್ಲ. ಅದೇ ತಿಂಗಳು ಸಾಲ ಮಂಜೂರಾಯಿತು.

ನೋಂದಣಿ ಕಚೇರಿಯ ಗುಮಾಸ್ತ ಪ್ರವೀಣನತ್ತ ನೋಡಿ, ಮನೆ ಕೊಳ್ಳುವವರು ಮುಂದೆ ಬನ್ನಿ ಎಂದು ಹಿಂದಿಯಲ್ಲಿ ಕರೆದ. ಪ್ರವೀಣ್ ಪಕ್ಕಕ್ಕೆ ಸರಿದ. ಕಮಲಾಕ್ಷಿ ಸೆರಗಿಗೆ ಕೈಯೊರೆಸಿಕೊಂಡು ಮುಂದೆ ಹೋಗಿ ಕ್ರಯಪತ್ರದ ಮೇಲೆ ಹೆಬ್ಬೆರಳನ್ನು ಗಟ್ಟಿಯಾಗಿ ಒತ್ತಿದಳು.