ಸೋಮವಾರ ಟಿಲ್ಲರಿಗೂ ರಜೆ

ಇವತ್ತಿನದು ಕೇಳಿ ಗೆಳೆಯರೇ, ನನ್ನ ನಗು ಇನ್ನೂ ನಿಂತಿಲ್ಲ. ಸೋಮವಾರ ನಮ್ಮಲ್ಲಿ ಎತ್ತು ಹೂಡುವುದಿಲ್ಲ. ಹೊಲದ ಹದ ಆರಿಹೋದೀತೆಂದು ಅಪ್ಪ ಹೊಸ ಪವರ್ ಟಿಲ್ಲರ್ ಹೊರಗೆ ತೆಗೆದರು. ನಮ್ಮೂರು ಚಚಡಿಗೆ ಬಂದ ಮೊದಲನೆಯದು ಅದು. ಅವ್ವ ಅಡ್ಡ ನಿಂತಳು.

“ಸೋಮಾರ ಬಸವಣ್ಣನ್ನ ದುಡಸ್ತೀರೇನ್ರಿ?”

“ಏ, ಇದು ಬರೇ ಕಬ್ಬಿಣ ಐತಿ. ಎತ್ತಲ್ಲ!”

“ಎತ್ತಲ್ಲಂದ್ರ ಹೋದ ವಾರ ಕಾರಹುಣ್ಣಿವಿಗೆ ಇದರ ಹಿಡಿಕಿಗೆ ಕೋಡಿಗೆ ಹಚ್ಚಿದಂಗ ಬಣ್ಣ ಹಚ್ಚಿ, ಗೊಂಡೆ ಕಟ್ಟಿ, ಹೋಳಿಗಿ ಎಡಿ ಹಿಡದವ್ರು ಯಾರ್ರಿ?”

ಅಪ್ಪ ಎಂಜಿನ್ ಬಂದ್ ಮಾಡಿದರು.

ಈಗ ಬೇವಿನ ನೆರಳಿನಲ್ಲಿ ಎರಡು ಎತ್ತು, ಪಕ್ಕದಲ್ಲಿ ಟಿಲ್ಲರ್. ಬಿಸಿಲಿನಲ್ಲಿ ಗುದ್ದಲಿ ಹಿಡಿದು ಅಗೆಯುತ್ತಿರುವವರು ಅಪ್ಪ. ಅವರಿಗೆ ಸೋಮವಾರದ ರಜೆ ಇಲ್ಲ. ಕಾರಹುಣ್ಣಿಮೆಗೆ ಅವರಿಗೆ ಯಾರೂ ಬಣ್ಣ ಹಚ್ಚಿರಲಿಲ್ಲವಲ್ಲ!