ಎರಡನೆಯ ಸಾಲು

ನನ್ನ ಗಂಡ ರೆಕಾರ್ಡ್ ಪ್ಲೇಯರ್ ರಿಪೇರಿ ಮಾಡುವವರು. ಮನೆಯ ಮುಂದಿನ ಕೋಣೆಯೇ ಅವರ ಅಂಗಡಿಯಾದ್ದರಿಂದ ಅಲ್ಲಿ ನಡೆಯುವುದೆಲ್ಲ ನನ್ನ ಕಿವಿಗೂ ಬೀಳುತ್ತದೆ. ರಿಪೇರಿ ಮುಗಿದ ಪ್ರತಿ ಯಂತ್ರದ ಮೇಲೂ ಒಬ್ಬ ಜಾಝ್ ಗಾಯಕಿಯ ಹಳೆಯ ಆಲ್ಬಂ ಹಾಕುತ್ತಾರೆ. ಮೊದಲ ಹಾಡಿನ ಮೊದಲ ಸಾಲಿನ ಕೊನೆಯಲ್ಲಿ ಆಕೆ ಒಂದು ಸ್ವರವನ್ನು ಉದ್ದಕ್ಕೆ ಎಳೆಯುತ್ತಾಳೆ. ಅದು ನಡುಗದಿದ್ದರೆ ಮೋಟಾರು ಸರಿಯಾಗಿದೆ ಎಂದರ್ಥ. ಆಗಲೇ ಮುಳ್ಳು ಎತ್ತಿಬಿಡುತ್ತಾರೆ.

ಇಪ್ಪತ್ತೆಂಟು ವರ್ಷದಿಂದ ನನಗೆ ಇದೇ ಗೋಳು. ತುತ್ತು ಬಾಯಿಗೆ ಬರುವಷ್ಟರಲ್ಲಿ ತಟ್ಟೆ ಕಿತ್ತುಕೊಂಡ ಹಾಗೆ. ಆಕೆಯ ಇನ್ನೂ ನಾಲ್ಕು ಆಲ್ಬಂ ಕಪಾಟಿನಲ್ಲಿವೆ. ಇದು ಸವೆದರೆ ಇರಲಿ ಎಂದು ತಂದಿಟ್ಟವು, ಕವರಿನಿಂದ ಹೊರಗೇ ಬಂದಿಲ್ಲ.

"ಒಂದ್ಸಲ ಪೂರ್ತಿ ಹಾಡೋಕೆ ಬಿಡ್ರೀ," ಎಂದರೆ, "ಮೋಟಾರ್ ಸರಿಯಾಗಿದೆಯಲ್ಲ, ಇನ್ನೇನು ಕೇಳೋದು?" ಎನ್ನುತ್ತಾರೆ. ಕೋಣನ ಮುಂದೆ ಕಿನ್ನರಿ ಬಾರಿಸಬೇಡಿ ಎನ್ನುವುದು ಲೋಕಕ್ಕೆ ಸರಿ. ನಮ್ಮ ಮನೆಯಲ್ಲಿ ಕಿನ್ನರಿ ಇರುವುದೇ ಕೋಣನ ಕೈಯಲ್ಲಿ.

ಮೊನ್ನೆ ಅವರು ತಂತಿ ತರಲು ಹೋದಾಗ ನಾನೇ ಆ ಆಲ್ಬಂ ಹಾಕಿದೆ. ಸವೆದ ಮೊದಲ ಸಾಲು ಕರಕರ ಎಂದಿತು. ಅದು ದಾಟಿದ್ದೇ ತಡ, ನಿನ್ನೆ ಕೊಂಡ ರೆಕಾರ್ಡಿನಂತೆ ತಿಳಿಯಾದ ದನಿ. ಸೊಪ್ಪು ಸೋಸುವುದನ್ನು ಬಿಟ್ಟು ಕೂತುಬಿಟ್ಟೆ.

ಮೂರನೆಯ ಹಾಡಿನ ಹೊತ್ತಿಗೆ ಅವರು ಬಂದರು. ಚಪ್ಪಲಿಯನ್ನೂ ಬಿಡದೆ ಬಾಗಿಲಲ್ಲೇ ನಿಂತು ಕೊನೆಯವರೆಗೆ ಕೇಳಿದರು. ನನ್ನ ಸಿಟ್ಟು ಅರ್ಧ ಇಳಿಯಿತು.

"ಎಷ್ಟು ಚೆನ್ನಾಗಿ ಹಾಡ್ತಾಳಲ್ಲ," ಎಂದರು. "ಯಾರೇ ಇವಳು?"